ಪರದೆ ರೆಕಾರ್ಡಿಂಗ್: ಅಕ್ಷರ ಮಸುಕಾಗದಂತೆ, ಫೈಲು ಕೈಕೊಡದಂತೆ

ಈ ಟಿಪ್ಪಣಿ ಒಬಿಎಸ್ ಸ್ಟುಡಿಯೊ ತಂತ್ರಾಂಶವನ್ನು ಇಟ್ಟುಕೊಂಡು ಬರೆದದ್ದು. ಅದು ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಬೇರೆ ರೆಕಾರ್ಡರ್ ಬಳಸುವವರಿಗೆ ಮೆನುವಿನ ಹೆಸರು ಬದಲಾಗಬಹುದು, ಕಾರಣಗಳು ಬದಲಾಗುವುದಿಲ್ಲ.

ಕ್ಯಾಮೆರಾ ವಿಡಿಯೊಗೆ ಕಲಿತ ಲೆಕ್ಕ ಪರದೆಯ ವಿಡಿಯೊಗೆ ನಡೆಯುವುದಿಲ್ಲ. ಮುಖ, ಮರ, ಆಕಾಶ ಸ್ವಲ್ಪ ಮಸುಕಾದರೆ ಕಣ್ಣು ಕ್ಷಮಿಸುತ್ತದೆ. ಪರದೆಯ ಮೇಲಿರುವುದು ಅಕ್ಷರ. ‘ಪ’ ಮತ್ತು ‘ಷ’ ನಡುವಿನ ವ್ಯತ್ಯಾಸ ಹೊಟ್ಟೆ ಸೀಳುವ ಒಂದು ಗೆರೆ. ಸಣ್ಣ ಅಕ್ಷರದಲ್ಲಿ ಆ ಗೆರೆ ಒಂದೇ ಪಿಕ್ಸೆಲ್ ದಪ್ಪ. ಅದು ಉಳಿಯಿತೇ ಹೋಯಿತೇ ಎಂಬುದೇ ಮುಂದಿನ ಹೆಚ್ಚಿನ ಆಯ್ಕೆಗಳಿಗೆ ಅಳತೆಗೋಲು.

ಡಬ್ಬಿ ಬೇರೆ, ಒಳಗಿನದು ಬೇರೆ

ಎಂಪಿ4, ಎಂಕೆವಿ, ಎಂಒವಿ, ವೆಬ್‌ಎಂ ಇವೆಲ್ಲ ಡಬ್ಬಿಗಳು. ಒಳಗೆ ಚಿತ್ರವನ್ನು ಒತ್ತಿ ಚಿಕ್ಕದು ಮಾಡುವ ವಿಧಾನ ಕೋಡೆಕ್: ಎಚ್.264, ಎಚ್.265, ವಿಪಿ9, ಎವಿ1. ಒಂದೇ ಎಚ್.264 ವಿಡಿಯೊವನ್ನು ಎಂಪಿ4ನಲ್ಲೂ ಇಡಬಹುದು, ಎಂಕೆವಿಯಲ್ಲೂ ಇಡಬಹುದು. ಆದ್ದರಿಂದ ‘ಎಂಕೆವಿಯಲ್ಲಿ ಗುಣಮಟ್ಟ ಹೆಚ್ಚು’ ಎಂಬ ಮಾತಿಗೆ ಅರ್ಥವಿಲ್ಲ. ವ್ಯತ್ಯಾಸ ಇರುವುದು ಬೇರೆ ಕಡೆ.

ಸಾದಾ ಎಂಪಿ4 ಫೈಲಿನಲ್ಲಿ ಯಾವ ಫ್ರೇಮು (ವಿಡಿಯೊದ ಒಂದೊಂದು ಬಿಡಿ ಚಿತ್ರ) ಎಲ್ಲಿದೆ ಎಂಬ ಸೂಚಿಯನ್ನು ರೆಕಾರ್ಡಿಂಗ್ ನಿಲ್ಲಿಸಿದಾಗ ಕೊನೆಯಲ್ಲಿ ಬರೆಯಲಾಗುತ್ತದೆ. ಐವತ್ತೈದನೇ ನಿಮಿಷದಲ್ಲಿ ಕರೆಂಟು ಹೋದರೆ ಅಥವಾ ತಂತ್ರಾಂಶ ಕುಸಿದರೆ ಸೂಚಿ ಬರೆಯುವವರೇ ಇಲ್ಲ. ಡಿಸ್ಕ್‌ನಲ್ಲಿ ಒಂದು ಜಿಬಿ ಫೈಲು ಕಾಣುತ್ತದೆ, ಯಾವ ಪ್ಲೇಯರೂ ತೆರೆಯುವುದಿಲ್ಲ. ಎಂಕೆವಿಯಲ್ಲಿ ದತ್ತಾಂಶ ತುಂಡು ತುಂಡಾಗಿ, ತನ್ನ ವಿವರವನ್ನು ಜೊತೆಗಿಟ್ಟುಕೊಂಡೇ ಡಿಸ್ಕ್ ಸೇರುತ್ತದೆ. ಕರೆಂಟು ಹೋದರೆ ಕೊನೆಯ ಕೆಲವು ಕ್ಷಣಗಳಷ್ಟೇ ನಷ್ಟ. 2024ರ 30.2 ಆವೃತ್ತಿಯಲ್ಲಿ ಒಬಿಎಸ್‌ಗೆ ಬಂದ ‘ಹೈಬ್ರಿಡ್ ಎಂಪಿ4’ ಕೂಡ ಇದೇ ರಕ್ಷಣೆ ಕೊಡುತ್ತದೆ: ಓಡುವಾಗ ತುಂಡುಗಳಾಗಿ ಬರೆದು, ಸರಿಯಾಗಿ ನಿಲ್ಲಿಸಿದಾಗ ಸಾದಾ ಎಂಪಿ4ನಂತೆ ಮುಗಿಸುತ್ತದೆ. ಹಳೆಯ ಆವೃತ್ತಿ ಇದ್ದರೆ ಎಂಕೆವಿಯೇ ಸರಿ.

ಎಡಿಟರ್ ಎಂಕೆವಿ ತೆಗೆದುಕೊಳ್ಳದಿದ್ದರೆ ಫೈಲಿನ ಹೆಸರಿನ ಕೊನೆಯನ್ನು ಬದಲಿಸಿ ಪ್ರಯೋಜನವಿಲ್ಲ. ಆನ್‌ಲೈನ್ ಕನ್ವರ್ಟರ್‌ಗೆ ಹಾಕುವುದೂ ಬೇಡ. ಅವುಗಳಲ್ಲಿ ಹಲವು ಇಡೀ ವಿಡಿಯೊವನ್ನು ಮತ್ತೆ ಒತ್ತುತ್ತವೆ, ಸಮಯವೂ ಹೋಗುತ್ತದೆ, ಅಕ್ಷರವೂ ಕೆಡುತ್ತದೆ. ಒಬಿಎಸ್‌ನ ‘ಫೈಲ್’ ಮೆನುವಿನಲ್ಲಿ ‘ರೀಮಕ್ಸ್ ರೆಕಾರ್ಡಿಂಗ್ಸ್’ ಇದೆ. ಅದು ಬರೀ ಡಬ್ಬಿ ಬದಲಿಸುತ್ತದೆ, ಗುಣಮಟ್ಟ ಕೂದಲೆಳೆಯಷ್ಟೂ ಕಡಿಮೆಯಾಗದು. ‘ಸೆಟ್ಟಿಂಗ್ಸ್’ನ ‘ಅಡ್ವಾನ್ಸ್‌ಡ್’ ಪುಟದಲ್ಲಿ ಇದನ್ನು ತಾನಾಗಿಯೇ ಆಗುವಂತೆಯೂ ಮಾಡಬಹುದು.

ಕೋಡೆಕ್ ವಿಷಯ ಚಿಕ್ಕದು. ಎಚ್.264 ಹಳೆಯದು, 2003ರದು, ಅದಕ್ಕೇ ಎಲ್ಲ ಫೋನು, ಟಿವಿ, ಎಡಿಟರ್‌ಗಳಲ್ಲೂ ಓಡುತ್ತದೆ. ಎವಿ1 ಕಡಿಮೆ ಜಾಗದಲ್ಲಿ ಚೆನ್ನಾಗಿ ಕಾಣುತ್ತದೆ, ಆದರೆ ಅದನ್ನು ಒತ್ತುವ ಸೌಲಭ್ಯವಿರುವ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಪ್ರೊಸೆಸರ್ ಏದುಸಿರು ಬಿಡುತ್ತದೆ. ಕಲಿಯುವ ಹಂತದಲ್ಲಿ ಎಚ್.264 ಬಿಟ್ಟು ಆಚೆ ಹೋಗಬೇಕಾದ ಅಗತ್ಯ ಕಾಣುವುದಿಲ್ಲ.

ಯಾವುದನ್ನು ಹಿಡಿಯಬೇಕು

‘ಡಿಸ್‌ಪ್ಲೇ ಕ್ಯಾಪ್ಚರ್’ ಇಡೀ ಪರದೆಯನ್ನು ಹಿಡಿಯುತ್ತದೆ, ವಾಟ್ಸ್ಆ್ಯಪ್ ಸಂದೇಶ ಇಣುಕಿದರೆ ಅದನ್ನೂ. ಶುರು ಮಾಡುವ ಮೊದಲು ನೋಟಿಫಿಕೇಶನ್ ಆಫ್ ಮಾಡಿ. ‘ವಿಂಡೊ ಕ್ಯಾಪ್ಚರ್’ ಒಂದೇ ವಿಂಡೊವನ್ನು ಹಿಡಿಯುತ್ತದೆ, ಗೌಪ್ಯತೆಗೆ ಒಳ್ಳೆಯದು. ಆದರೆ ರೈಟ್ ಕ್ಲಿಕ್ ಮೆನು, ಕೆಳಗೆ ಬಿಚ್ಚಿಕೊಳ್ಳುವ ಪಟ್ಟಿಗಳು ಎಷ್ಟೋ ಸಲ ಪ್ರತ್ಯೇಕ ವಿಂಡೊಗಳಾಗಿರುವುದರಿಂದ ರೆಕಾರ್ಡಿಂಗ್‌ನಲ್ಲಿ ಬರುವುದೇ ಇಲ್ಲ. ‘ಇಲ್ಲಿ ಈ ಆಯ್ಕೆ ಒತ್ತಿ’ ಎಂದು ಹೇಳುತ್ತಿರುತ್ತೀರಿ, ನೋಡುವವರಿಗೆ ಏನೂ ಕಾಣದು. ತಂತ್ರಾಂಶ ಕಲಿಸುವ ಪಾಠಕ್ಕೆ ಡಿಸ್‌ಪ್ಲೇ ಕ್ಯಾಪ್ಚರ್, ಸ್ಲೈಡ್ ಓದುವ ಪಾಠಕ್ಕೆ ವಿಂಡೊ ಕ್ಯಾಪ್ಚರ್ ಹೊಂದುತ್ತದೆ.

ಕಪ್ಪು ಪರದೆ ಬಂದರೆ ಮೂರು ಕಾರಣ ಹುಡುಕಿ. ಎರಡು ಗ್ರಾಫಿಕ್ಸ್ ಚಿಪ್ ಇರುವ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಪರದೆಯನ್ನು ನಡೆಸುವ ಚಿಪ್ ಒಂದು, ಒಬಿಎಸ್ ಓಡುತ್ತಿರುವ ಚಿಪ್ ಇನ್ನೊಂದು ಆಗಿರಬಹುದು. ವಿಂಡೋಸ್‌ನ ಗ್ರಾಫಿಕ್ಸ್ ಸೆಟ್ಟಿಂಗ್ಸ್‌ನಲ್ಲಿ ಒಬಿಎಸ್ ಅನ್ನು ‘ಪವರ್ ಸೇವಿಂಗ್’ಗೆ ಹಾಕಿದರೆ ಸಾಮಾನ್ಯವಾಗಿ ಡಿಸ್‌ಪ್ಲೇ ಕ್ಯಾಪ್ಚರ್ ಸರಿಯಾಗುತ್ತದೆ. ವಿಂಡೊ ಕ್ಯಾಪ್ಚರ್‌ನಲ್ಲಿ ಬ್ರೌಸರ್ ಮಾತ್ರ ಕಪ್ಪಾಗಿದ್ದರೆ, ಆ ಸೋರ್ಸ್‌ನ ‘ಕ್ಯಾಪ್ಚರ್ ಮೆಥಡ್’ ಅನ್ನು ಬಿಟ್‌ಬ್ಲಿಟ್‌ನಿಂದ ‘ವಿಂಡೋಸ್ 10’ ವಿಧಾನಕ್ಕೆ ಬದಲಿಸಿ. ಮೂರನೆಯದು ಹಕ್ಕು ರಕ್ಷಣೆ ಇರುವ ಓಟಿಟಿ ವಿಡಿಯೊ; ಅಲ್ಲಿ ಕಪ್ಪಾಗುವುದು ದೋಷವಲ್ಲ, ಬೇಕೆಂದೇ ಮಾಡಿದ್ದು.

ಅಕ್ಷರ ಏಕೆ ಕದಡುತ್ತದೆ

ಮುಖ್ಯ ಭಾಗ ಇದು. ಮೊದಲ ಕಾರಣ ಅಳತೆ ಬದಲಾವಣೆ. ಲ್ಯಾಪ್‌ಟಾಪ್ ಪರದೆ 1366×768, ಔಟ್‌ಪುಟ್ (ಫೈಲಿನಲ್ಲಿ ಬರೆಯುವ ಅಳತೆ) 1280×720 ಎಂದಿಟ್ಟರೆ ಸುಮಾರು 16 ಪಿಕ್ಸೆಲ್‌ಗಳು 15ರಲ್ಲಿ ಕೂರಬೇಕು. ಒಂದು ಪಿಕ್ಸೆಲ್ ಗೆರೆ ಎರಡು ಪಿಕ್ಸೆಲ್‌ಗೆ ಹರಡಿ ಬೂದು ಬಣ್ಣಕ್ಕೆ ತಿರುಗುತ್ತದೆ. ‘ವಿಡಿಯೊ’ ಪುಟದಲ್ಲಿ ‘ಬೇಸ್’ (ಹಿಡಿಯುವ ಅಳತೆ) ಮತ್ತು ‘ಔಟ್‌ಪುಟ್’ ಎರಡೂ ಪರದೆಯ ಅಳತೆಗೆ ಸಮನಾಗಿರಲಿ. ಕಿರಿದು ಮಾಡಲೇಬೇಕಿದ್ದರೆ ಫಿಲ್ಟರ್ ‘ಲ್ಯಾಂಜೋಸ್’ ಇಡಿ.

ಎರಡನೆಯದು ಬಣ್ಣ. ಎಚ್.264 ರೆಕಾರ್ಡಿಂಗ್‌ನಲ್ಲಿ ಸಾಮಾನ್ಯವಾಗಿ ಬಳಕೆಯಾಗುವ 4:2:0 ಪದ್ಧತಿಯಲ್ಲಿ ಪ್ರತಿ ಪಿಕ್ಸೆಲ್‌ಗೂ ಬೆಳಕಿನ ಮಾಹಿತಿ ಇರುತ್ತದೆ, ಬಣ್ಣದ ಮಾಹಿತಿ ಮಾತ್ರ ನಾಲ್ಕು ಪಿಕ್ಸೆಲ್‌ಗೆ ಒಂದು. ಬಿಳಿಯ ಮೇಲೆ ಕಪ್ಪು ಅಕ್ಷರಕ್ಕೆ ಬೆಳಕಿನ ವ್ಯತ್ಯಾಸವೇ ಸಾಕು, ಚೆನ್ನಾಗಿ ಕಾಣುತ್ತದೆ. ಕಡುನೀಲಿ ಮೇಲೆ ಕೆಂಪು ಅಕ್ಷರ ಬರೆದರೆ ಅಂಚು ಕರಗಿಹೋಗುತ್ತದೆ. 4:4:4 ಆಯ್ಕೆ ಒಬಿಎಸ್‌ನಲ್ಲಿದೆ, ಆದರೆ ಅಂಥ ಎಚ್.264 ಫೈಲು ಬಹಳಷ್ಟು ಫೋನುಗಳಲ್ಲಿ ಸರಿಯಾಗಿ ಓಡದು. ಯೂಟ್ಯೂಬಿಗೆ ಏರಿಸಿದರೆ ಅದು ಮತ್ತೆ 4:2:0 ಆಗುತ್ತದೆ. ಸ್ಲೈಡಿನ ಬಣ್ಣ ಬದಲಿಸುವುದೇ ಸುಲಭದ ದಾರಿ.

ಮೂರನೆಯದು ಯಾವ ಸೆಟ್ಟಿಂಗಿನಲ್ಲೂ ಇಲ್ಲ. 15.6 ಇಂಚಿನ ಪರದೆಯನ್ನು 6 ಇಂಚಿನ ಫೋನಿನಲ್ಲಿ ನೋಡಿದಾಗ ಅಕ್ಷರ 2.6 ಪಟ್ಟು ಕಿರಿದಾಗುತ್ತದೆ. ಕನ್ನಡದ ಒತ್ತಕ್ಷರ ಮೊದಲೇ ಚಿಕ್ಕದು, ಇಂಗ್ಲಿಷ್ ಓದಲು ಬರುವ ಅಳತೆಯಲ್ಲಿ ಅದು ಚುಕ್ಕೆಯಾಗಿ ಉಳಿಯುತ್ತದೆ. ಬ್ರೌಸರಿನ ಜೂಮ್ 150 ಪ್ರತಿಶತಕ್ಕೆ ಏರಿಸಿಯೇ ರೆಕಾರ್ಡ್ ಮಾಡಿ.

ಬಿಟ್‌ರೇಟು, ಫ್ರೇಮು

ಸೆಕೆಂಡಿಗೆ ಎಷ್ಟು ದತ್ತಾಂಶ ಬರೆಯಬೇಕು ಎಂಬುದೇ ಬಿಟ್‌ರೇಟು. ಅದನ್ನು ಒಂದೇ ಮಟ್ಟದಲ್ಲಿಡುವ ‘ಸಿಬಿಆರ್’ ನೇರ ಪ್ರಸಾರಕ್ಕಿರುವುದು. ಅದು ಸುಮ್ಮನೆ ನಿಂತ ಸ್ಲೈಡಿಗೂ ಓಡುವ ಚಿತ್ರಕ್ಕೂ ಒಂದೇ ಪಾಲು ಹಂಚುತ್ತದೆ. ಪುಟ ಸ್ಕ್ರೋಲ್ ಆಗುವ ಕ್ಷಣದಲ್ಲಿ ಪಾಲು ಸಾಲದೆ ಅಕ್ಷರಗಳು ಚೌಕಚೌಕವಾಗಿ ಒಡೆಯುತ್ತವೆ. ರೆಕಾರ್ಡಿಂಗಿಗೆ, ಒತ್ತುವ ಕೆಲಸ ಪ್ರೊಸೆಸರ್ ಮಾಡುವ ಎಕ್ಸ್264 ಆದರೆ ‘ಸಿಆರ್‌ಎಫ್’, ಎನ್ವಿಡಿಯಾ ಗ್ರಾಫಿಕ್ಸ್ ಚಿಪ್ ಆದರೆ ‘ಸಿಕ್ಯುಪಿ’ ಆರಿಸಿ (ಎರಡೂ ಪಾಲಿನ ಬದಲು ಗುಣಮಟ್ಟವನ್ನು ಒಂದೇ ಮಟ್ಟದಲ್ಲಿಡುತ್ತವೆ), ಅಂಕಿ 20ರ ಆಸುಪಾಸು ಇಡಿ. ಅಂಕಿ ಕಡಿಮೆಯಾದಷ್ಟೂ ಸ್ಪಷ್ಟತೆ ಹೆಚ್ಚು. 6 ಕಡಿಮೆ ಮಾಡಿದರೆ ಫೈಲು ಹೆಚ್ಚುಕಮ್ಮಿ ಎರಡು ಪಟ್ಟಾಗುತ್ತದೆ.

ಪಾಠಕ್ಕೆ ಸೆಕೆಂಡಿಗೆ 30 ಫ್ರೇಮು ಸಾಕು. 25 ಬೇಡ: ಪರದೆ ಸೆಕೆಂಡಿಗೆ 60 ಸಲ ಹೊಸದಾಗುತ್ತದೆ, 60ನ್ನು 25 ಭಾಗಿಸದು, ಸ್ಕ್ರೋಲ್ ಕುಂಟುತ್ತದೆ. ಒಬಿಎಸ್ ವಿಂಡೊದ ಕೆಳಗಿನ ಪಟ್ಟಿಯಲ್ಲಿ ‘ಎನ್‌ಕೋಡಿಂಗ್ ಓವರ್‌ಲೋಡೆಡ್’ ಎಂದು ಬಂದರೆ ಎಕ್ಸ್264ರ ಪ್ರಿಸೆಟ್ (ಒತ್ತುವ ವೇಗದ ಆಯ್ಕೆ) ಅನ್ನು ‘ಸೂಪರ್‌ಫಾಸ್ಟ್’ಗೆ ಇಳಿಸಿ, ಅಥವಾ ಗ್ರಾಫಿಕ್ಸ್ ಚಿಪ್‌ಗೆ ಕೆಲಸ ವಹಿಸಿ.

ಫೋನಿನ ರೆಕಾರ್ಡರ್‌ಗಳದು ಬೇರೆಯೇ ತಕರಾರು. ಪರದೆ ಅಲುಗಾಡದಿದ್ದಾಗ ಅವು ಕಡಿಮೆ ಫ್ರೇಮು ಬರೆಯುತ್ತವೆ. ಎಡಿಟರ್ ಅದನ್ನು ಸಮನಾದ ಫ್ರೇಮುಗಳೆಂದು ಓದಿದರೆ ಧ್ವನಿಗೂ ಚಿತ್ರಕ್ಕೂ ತಾಳ ತಪ್ಪುತ್ತದೆ. ಹ್ಯಾಂಡ್‌ಬ್ರೇಕ್ ತಂತ್ರಾಂಶದ ‘ವಿಡಿಯೊ’ ಪುಟದಲ್ಲಿ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಆರಿಸಿ ಮೊದಲೇ ಪರಿವರ್ತಿಸಿಕೊಳ್ಳಬೇಕು. ಒಬಿಎಸ್ ಸಮನಾಗಿಯೇ ಬರೆಯುತ್ತದೆ.

ಧ್ವನಿಗೆ 48 ಕಿಲೊಹರ್ಟ್ಸ್ ಇಡಿ. ಮೈಕ್ ಒಂದು ಟ್ರ್ಯಾಕಿಗೆ, ಕಂಪ್ಯೂಟರಿನ ಧ್ವನಿ ಇನ್ನೊಂದಕ್ಕೆ ಹೋಗಲಿ. ಒಬಿಎಸ್‌ನಲ್ಲಿ ಆರು ಟ್ರ್ಯಾಕ್‌ಗಳಿವೆ. ಪ್ಲೇಯರ್‌ಗಳು ಸಾಮಾನ್ಯವಾಗಿ ಮೊದಲನೆಯದನ್ನಷ್ಟೇ ನುಡಿಸುವುದರಿಂದ ಅದರಲ್ಲಿ ಎರಡೂ ಸೇರಿರಲಿ.

ಸಿಆರ್‌ಎಫ್‌ನಲ್ಲಿ ಫೈಲಿನ ಗಾತ್ರ ಮೊದಲೇ ಹೇಳಲಾಗದು. ಸ್ಕ್ರೋಲ್, ಮೆನು, ಮಾತು ಮೂರೂ ಇರುವಂತೆ ಒಂದು ನಿಮಿಷ ರೆಕಾರ್ಡ್ ಮಾಡಿ, ಫೋನಿಗೆ ಕಳಿಸಿ, ‘ಷ’ದ ಹೊಟ್ಟೆ ಸೀಳಿದೆಯೇ ನೋಡಿ. ಆ ಫೈಲಿನ ಗಾತ್ರವನ್ನು 60ರಿಂದ ಗುಣಿಸಿದರೆ ಒಂದು ಗಂಟೆಯ ಅಂದಾಜು ಸಿಗುತ್ತದೆ. ಅದು 4 ಜಿಬಿ ಮುಟ್ಟುವಂತಿದ್ದರೆ ಪೆನ್‌ಡ್ರೈವ್ ಯಾವ ಫಾರ್ಮ್ಯಾಟಿನಲ್ಲಿದೆ ಎಂದು ಮೊದಲೇ ನೋಡಿಕೊಳ್ಳಿ: ಫ್ಯಾಟ್32 ಅದಕ್ಕಿಂತ ದೊಡ್ಡ ಒಂದೇ ಫೈಲನ್ನು ಹಿಡಿಯದು, ಒಳಗೆ 30 ಜಿಬಿ ಖಾಲಿ ಇದ್ದರೂ. ಎಕ್ಸ್‌ಫ್ಯಾಟ್ ಹಿಡಿಯುತ್ತದೆ.