ಶಟರ್ 1/50 ಯಾಕೆ? ಫೋನಲ್ಲಿ ಕಿರುಚಿತ್ರ ತೆಗೆಯುವವರಿಗೆ ಟಿಪ್ಪಣಿ

ಫ್ರೇಮಿಂಗ್, ರೂಲ್ ಆಫ್ ಥರ್ಡ್ಸ್, ಅಂದರೆ ಚಿತ್ರದಲ್ಲಿ ಯಾರನ್ನು ಎಲ್ಲಿ ನಿಲ್ಲಿಸಬೇಕು ಅನ್ನುವುದರ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಅದು ನಾಲ್ಕು ಶಾಟ್ ತೆಗೆದರೆ ತಾನಾಗೇ ಕೈಗೆ ಬರುತ್ತದೆ. ನನ್ನ ತಲೆ ತಿಂದದ್ದು ಶಟರ್, ಅಂದರೆ ಒಂದೊಂದು ಫ್ರೇಮಿಗೆ (ವಿಡಿಯೋದ ಒಂದೊಂದು ಚಿತ್ರಕ್ಕೆ) ಬೆಳಕು ಒಳಗೆ ಬಿಡುವ ಹೊತ್ತು. 1/50 ಅಂದರೆ ಸೆಕೆಂಡಿನ ಐವತ್ತನೇ ಒಂದು ಪಾಲು.

ಶಟರಿನ ರೂಲ್ ಎಲ್ಲರಿಗೂ ಗೊತ್ತಿರುವುದೇ. ಶಟರ್ ಸ್ಪೀಡ್ ಫ್ರೇಮ್ ರೇಟಿನ (ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನುವುದರ) ಎರಡರಷ್ಟಿರಬೇಕು, ಅಂದರೆ 24 ಫ್ರೇಮಿಗೆ 1/48. ಆಗ ಬೀಸಿದ ಕೈ ಸ್ವಲ್ಪ ಮಸುಕಾಗುತ್ತದೆ, ಕಣ್ಣಿಗೆ ಅದೇ ಸಹಜ. 1/500 ಇಟ್ಟರೆ ನಡೆಯುವವನು ಕೀಲಿ ಕೊಟ್ಟ ಬೊಂಬೆ ಥರ ಕಾಣುತ್ತಾನೆ.

ಇಷ್ಟು ಸರಿ. ಆದರೆ ರಾತ್ರಿ ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ಗೋಡೆ ಯಾಕೆ ಮಿಣುಕುತ್ತದೆ? ಅಮೆರಿಕದವರ ವಿಡಿಯೋ ನೋಡಿ ಕಲಿಯುವ ನಾವು ಸುಮ್ನೆ 30 ಫ್ರೇಮ್, 1/60 ಅಂತ ಇಟ್ಟುಬಿಡುತ್ತೇವೆ. ಅಲ್ಲಿ ಕರೆಂಟ್ 60 ಹರ್ಟ್ಸ್, ನಮ್ಮಲ್ಲಿ 50.

ಈಗ ನಿಧಾನವಾಗಿ ಓದಿ, ನಾನು ಸಿಕ್ಕಿಹಾಕಿಕೊಂಡದ್ದು ಇಲ್ಲೇ. 50 ಹರ್ಟ್ಸ್ ಅಂದರೆ ಕರೆಂಟ್ ಸೆಕೆಂಡಿಗೆ 50 ಸಲ ಆ ಕಡೆ ಹೋಗಿ ಈ ಕಡೆ ಬರುತ್ತದೆ. ಹೋಗುವಾಗ ಒಮ್ಮೆ ದೀಪ ಜೋರಾಗುತ್ತದೆ, ಬರುವಾಗ ಇನ್ನೊಮ್ಮೆ. ಹಾಗಾಗಿ ದೀಪ ಮಿಣುಕುವುದು 50 ಸಲ ಅಲ್ಲ, 100 ಸಲ. ಒಂದು ಮಿಣುಕಿಗೆ 10 ಮಿಲಿಸೆಕೆಂಡ್. ಶಟರ್ 1/50 ಅಂದರೆ 20 ಮಿಲಿಸೆಕೆಂಡ್, ಸರಿಯಾಗಿ ಎರಡು ಮಿಣುಕು. ಶಟರ್ ಯಾವ ಗಳಿಗೆಯಲ್ಲಿ ತೆರೆದರೂ ಎರಡು ಮಿಣುಕಿನ ಬೆಳಕು ಪೂರ್ತಿ ಒಳಗೆ ಬರುತ್ತದೆ, ಎಲ್ಲ ಫ್ರೇಮಿಗೂ ಸಮನಾಗಿ. 1/60ರಲ್ಲಿ 16.7 ಮಿಲಿಸೆಕೆಂಡ್ ಮಾತ್ರ, ಅಂದರೆ ಒಂದು ಮಿಣುಕು ಪೂರ್ತಿ, ಇನ್ನೊಂದರಲ್ಲಿ ಮೂರನೇ ಎರಡು ಪಾಲು. ಆ ಪಾಲು ದೀಪ ಜೋರಿರುವಾಗ ಬಿತ್ತೋ ಮಂಕಾಗಿರುವಾಗ ಬಿತ್ತೋ ಅನ್ನುವುದರ ಮೇಲೆ ಫ್ರೇಮಿನ ಬೆಳಕು ಹೆಚ್ಚುಕಡಿಮೆ ಆಗುತ್ತದೆ.

ಎಷ್ಟು ಸಲ ಆಗುತ್ತದೆ? ಫ್ರೇಮ್ ರೇಟನ್ನು 100 ದಾಟದಷ್ಟು ಸಲ ಗುಣಿಸಿ: 30×3=90, ದೀಪದ್ದು 100. ಉಳಿದ 10 ಇದೆಯಲ್ವಾ, ಸೆಕೆಂಡಿಗೆ ಅಷ್ಟು ಸಲ. 24ಕ್ಕೆ ಇದೇ ಲೆಕ್ಕ ಹಾಕಿದರೆ 96, ಉಳಿದದ್ದು 4. 25ಕ್ಕೆ ಏನೂ ಉಳಿಯುವುದಿಲ್ಲ! ಅದಕ್ಕೇ ನನ್ನ ಓಟು 25 ಫ್ರೇಮ್, 1/50ಕ್ಕೆ. 24ರಲ್ಲೇ ತೆಗೆಯಬೇಕು ಅನ್ನುವವರೂ ಶಟರ್ 1/50 ಇಟ್ಟುಕೊಳ್ಳಿ, 1/48ಕ್ಕೂ ಅದಕ್ಕೂ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಶಟರ್ ಸ್ಪೀಡ್ ಬದಲು ಶಟರ್ ಆಂಗಲ್ (ಒಂದು ಫ್ರೇಮಿನ ಪೂರ್ತಿ ಹೊತ್ತು 360 ಡಿಗ್ರಿ ಅನ್ನುವ ಲೆಕ್ಕ) ತೋರಿಸುವ ಕ್ಯಾಮೆರಾಗಳ ಮೆನುವಿನಲ್ಲಿ 172.8 ಡಿಗ್ರಿ ಅಂತ ಒಂದು ವಿಚಿತ್ರ ನಂಬರ್ ಇರುವುದೂ ಇದಕ್ಕೇ: 360×24÷50. ಅಗ್ಗದ ಡಿಮ್ಮರ್ ಇರುವ ಎಲ್‌ಇಡಿಗಳು ಮಾತ್ರ ಈ ಲೆಕ್ಕಕ್ಕೆ ಬಗ್ಗುವುದಿಲ್ಲ, ಅವನ್ನು ಫುಲ್ ಇಟ್ಟು ದೂರ ಸರಿಸಿ.

ಹಗಲಿನ ತಲೆನೋವೇ ಬೇರೆ. ನೆತ್ತಿ ಬಿಸಿಲಿಗೆ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) 100, ಶಟರ್ 1/100 ಇದ್ದರೆ ಎಫ್/16 (ಲೆನ್ಸಿನ ಬಾಯಿಯ ಅಳತೆ, ಅಂಕಿ ದೊಡ್ಡದಾದಷ್ಟೂ ಬಾಯಿ ಕಿರಿದು) ಅನ್ನುವುದು ಹಳೆಯ ಲೆಕ್ಕ. ಶಟರ್ 1/50 ಆದರೆ ಎಫ್/22 ಬೇಕು. ಫೋನಿನ ಲೆನ್ಸ್ ಎಫ್/1.8ರ ಆಸುಪಾಸು, ಹೆಚ್ಚಿನವುಗಳಲ್ಲಿ ಅದನ್ನು ಬದಲಿಸಲು ಬರುವುದಿಲ್ಲ. ಅಂದರೆ ಏಳು ಸ್ಟಾಪ್ ಚಿಲ್ಲರೆ ಬೆಳಕು ಜಾಸ್ತಿ (ಒಂದು ಸ್ಟಾಪ್ ಹೆಚ್ಚಾದರೆ ಬೆಳಕು ಎರಡು ಪಟ್ಟು). ಐಎಸ್‌ಒ 50ಕ್ಕೆ ಇಳಿಸಿದರೆ ಒಂದು ಸ್ಟಾಪ್ ಹೋಯಿತು, ಉಳಿದ ಆರಕ್ಕೆ ಬೆಳಕನ್ನು 64ನೇ ಒಂದು ಪಾಲಿಗೆ ಇಳಿಸುವ ಕಪ್ಪು ಗಾಜು, ಅಂದರೆ ಎನ್‌ಡಿ64 ಫಿಲ್ಟರ್. ಫಿಲ್ಟರ್ ಇಲ್ಲದವರು ನೆರಳಿಗೆ ಬನ್ನಿ, ಮುಖಕ್ಕೂ ಅದೇ ಚೆಂದ.

ಆದರೂ ಬಿಸಿಲಿನಷ್ಟು ಒಳ್ಳೆಯ ದೀಪ ಇನ್ನೊಂದಿಲ್ಲ. ಮಿಣುಕುವುದಿಲ್ಲ, ಬಾಡಿಗೆಯೂ ಇಲ್ಲ. ನಮ್ಮ ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿ 1959ರ ಹಿಂದಿ ಸಿನಿಮಾ ‘ಕಾಗಜ್ ಕೆ ಫೂಲ್’ನಲ್ಲಿ ಸ್ಟುಡಿಯೋ ಒಳಗೆ ಆ ಹೆಸರಾದ ಬೆಳಕಿನ ಕೋಲನ್ನು ತಂದದ್ದು ಬಿಸಿಲಿಗೆ ಕನ್ನಡಿ ಹಿಡಿದು. ನಮಗೆ ಒಂದು ಕನ್ನಡಿ, ಒಂದು ಬಿಳಿ ಥರ್ಮಾಕೋಲ್ ಶೀಟ್ ಸಾಕು.

ಸೌಂಡ್: ಮೈಕ್ ಬಾಯಿಯ ಹತ್ತಿರ ಇರಲಿ. ಫ್ಯಾನ್ ಆಫ್, ಫ್ರಿಜ್ ಆಫ್. ಗಾಡಿ ಕೀಲಿಯನ್ನು ಫ್ರಿಜ್ ಒಳಗೇ ಇಟ್ಟರೆ ಹೊರಡುವಾಗ ಆನ್ ಮಾಡಲು ಮರೆಯುವುದಿಲ್ಲ. ಶಾಟ್ ಮುಗಿದ ಮೇಲೆ ಯಾರೂ ಅಲ್ಲಾಡದೆ 30 ಸೆಕೆಂಡ್ ಖಾಲಿ ಕೋಣೆಯ ಸದ್ದು ಹಿಡಿಯಿರಿ. ಎಡಿಟಿಂಗಲ್ಲಿ ಮಾತಿನ ನಡುವಿನ ಕಟ್ ಮುಚ್ಚುವುದು ಅದೇ.

180 ಡಿಗ್ರಿ ಗೆರೆ: ಮಾತಾಡುವ ಇಬ್ಬರ ನಡುವೆ ಒಂದು ಗೆರೆ ಇದೆ ಅಂದುಕೊಳ್ಳಿ, ಕ್ಯಾಮೆರಾ ಅದರ ಒಂದೇ ಕಡೆ ಇರಲಿ, ಇಲ್ಲದಿದ್ದರೆ ಯಾರು ಯಾವ ಕಡೆ ನೋಡುತ್ತಿದ್ದಾರೆ ಅಂತ ನೋಡುಗರಿಗೆ ಗೊಂದಲ. ದಾಟಲೇಬೇಕಾದರೆ ಪಾತ್ರ ನಡೆಯುವಾಗ ಕ್ಯಾಮೆರಾವೂ ಜೊತೆಗೆ ದಾಟಲಿ, ಇಲ್ಲವೇ ಗೆರೆಯ ಮೇಲೆಯೇ ನಿಂತು ನಡುವೆ ಒಂದು ಶಾಟ್ ತೆಗೆದುಕೊಳ್ಳಿ.