ಬಟ್ಟಲಿನ ತಳದಲ್ಲಿ ಎಸ್ ಆಕಾರದ ಬಿರುಕು: ಮಣ್ಣೇ ಸರಿ ಇಲ್ವಾ?

ಪ್ರಶ್ನೆ: ಪಾಟರಿ ಕಲಿಯುತ್ತಿದ್ದೇನೆ. ಚಕ್ರದ ಮೇಲೆ ಬಟ್ಟಲು ಚೆನ್ನಾಗಿಯೇ ಬರುತ್ತದೆ. ಒಣಗಿದ ಮೇಲೆ ನೋಡಿದರೆ ತಳದಲ್ಲಿ ಎಸ್ ಅಕ್ಷರದಂಥ ಬಿರುಕು. ಮಣ್ಣು ಬದಲಿಸಬೇಕಾ?

ಬೇಡ. ಮಣ್ಣಿನ ತಪ್ಪು ಇರುವುದು ಕಡಿಮೆ. ಈ ಬಿರುಕು ಕಣ್ಣಿಗೆ ಬೀಳುವುದು ಒಣಗಿದಾಗ ಅಥವಾ ಸುಟ್ಟ ಮೇಲೆ. ಆದರೆ ಅದಕ್ಕೆ ದಾರಿಯಾಗುವುದು ಚಕ್ರದ ಮೇಲೇ.

ಗೋಡೆ ಎತ್ತುವಾಗ ಮಣ್ಣು ಎರಡು ಕೈಗಳ ಬೆರಳ ನಡುವೆ ಚೆನ್ನಾಗಿ ಒತ್ತಿಸಿಕೊಂಡು ಮೇಲೇರುತ್ತದೆ. ತಳಕ್ಕೆ ಆ ಒತ್ತು ಸಿಗುವುದಿಲ್ಲ. ನಡುವೆ ಬೆರಳಿಳಿಸಿ, ಬದಿಗೆ ಎಳೆದು, ಹಾಗೇ ಬಿಟ್ಟುಬಿಡುತ್ತೇವೆ. ಕೈಯಿಂದ ಇಳಿದ ನೀರೂ ಅಲ್ಲೇ ನಿಲ್ಲುತ್ತದೆ. ಒಣಗುವಾಗ ಜೇಡಿಮಣ್ಣು ಸುಮಾರು ನೂರಕ್ಕೆ ಐದಾರರಷ್ಟು ಕುಗ್ಗುತ್ತದೆ. ಗಾಳಿ ತಾಗುವ ಬಾಯಿ ಮೊದಲು ಕುಗ್ಗಿ ಗಟ್ಟಿಯಾಗುತ್ತದೆ. ಹಲಗೆಗೆ ಅಂಟಿಕೊಂಡ ತಳದ ಸರದಿ ಕೊನೆಗೆ. ಅಷ್ಟರಲ್ಲಿ ಸುತ್ತಲಿನ ಗೋಡೆ ಜಗ್ಗದೆ ನಿಂತಿರುತ್ತದೆ. ಎಳೆತ ತಾಳಲಾರದೆ ತಳ ನಡುಮಧ್ಯೆ ಸೀಳುತ್ತದೆ. ಚಕ್ರ ಮಣ್ಣನ್ನು ತಿರುಚಿರುತ್ತದಲ್ವಾ, ಅದಕ್ಕೇ ಸೀಳೂ ಸೊಟ್ಟಗೆ.

ಹಾಗಾಗಿ ತಳ ತೆರೆದ ಕೂಡಲೇ, ಗೋಡೆ ಎತ್ತುವ ಮೊದಲೇ, ಚಕ್ರವನ್ನು ನಿಧಾನ ಮಾಡಿ. ಬೆರಳ ತುದಿಗಳಿಂದ ತಳವನ್ನು ಒತ್ತುತ್ತಾ ಅಂಚಿನಿಂದ ನಡುವಿಗೆ, ನಡುವಿನಿಂದ ಅಂಚಿಗೆ ಎರಡು ಮೂರು ಸಲ ಬನ್ನಿ. ಸರಿಯಾಗಿ ನಡುವೆ ಒಂದು ಪುಟ್ಟ ಉಬ್ಬು ಉಳಿದಿರುತ್ತದೆ. ಅದೂ ಅಡಗಬೇಕು. ಇಡೀ ಕೆಲಸದಲ್ಲಿ ಇದೇ ಮುಖ್ಯ ಅಂತ ನನ್ನ ಅನಿಸಿಕೆ. ಕೊನೆಗೆ ನಿಂತ ನೀರನ್ನು ಸ್ಪಂಜಿನಿಂದ ತೆಗೆಯಿರಿ. ಬಾಯಿ ಬಟ್ಟಲಿನ ಭಾರ ಹೊರುವಷ್ಟು ಗಟ್ಟಿಯಾದ ಮೇಲೆ ಕವುಚಿ ಇಡಿ. ದಪ್ಪ ತಳವನ್ನು ಕೆರೆದು ಗೋಡೆಯಷ್ಟೇ ಮಾಡಿ. ಫ್ಯಾನ್ ಕೆಳಗೆ ಮಾತ್ರ ಇಡಬೇಡಿ.

ನಮ್ಮ ಕುಂಬಾರರ ಹಳೆಯ ಪದ್ಧತಿಯಲ್ಲಿ ಒತ್ತುವ ಈ ಕೆಲಸ ತಾನಾಗಿಯೇ ಆಗುತ್ತದೆ. ತಿಗರಿಯ ಮೇಲೆ ಮಡಕೆಯ ಬಾಯಿ, ಕಂಠ ಸಿದ್ಧವಾಗುತ್ತವೆ. ಕೆಳಭಾಗ ಇನ್ನೂ ದಪ್ಪಗಿರುತ್ತದೆ. ತುಸು ಒಣಗಿದ ಮೇಲೆ ಒಳಗೆ ಕಲ್ಲಿನ ಗುಂಡು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿ ತಟ್ಟಿ ತಳವನ್ನು ತೆಳ್ಳಗೆ, ಗುಂಡಗೆ ಮಾಡುತ್ತಾರೆ. ಒಂದೊಂದು ಪೆಟ್ಟಿಗೂ ಮಣ್ಣು ಒತ್ತಾಗಿ ಕೂರುತ್ತದೆ. ಇಂಥ ಕೈಚಳಕವನ್ನು ಹತ್ತಿರದಿಂದ ನೋಡುವ ಅವಕಾಶ ಸಿಕ್ಕರೆ ಖಂಡಿತ ಬಿಡಬೇಡಿ.

ಈಗಾಗಲೇ ಬಿರಿದಿರುವ ಬಟ್ಟಲಿಗೆ ಹಸಿಮಣ್ಣು ಮೆತ್ತಬೇಡಿ. ಮೆತ್ತಿದ್ದೂ ಒಣಗುವಾಗ ಕುಗ್ಗುತ್ತದೆ, ಸುಟ್ಟಾಗ ಬಿರುಕು ಮತ್ತೆ ಬಾಯಿ ಬಿಡುತ್ತದೆ. ಇನ್ನೂ ಸುಟ್ಟಿಲ್ಲ ಅಂದ್ರೆ ಪೂರ್ತಿ ಒಣಗಿಸಿ ಬಕೆಟ್ ನೀರಿಗೆ ಹಾಕಿ. ಅರೆ ಒಣಗಿದ್ದಕ್ಕಿಂತ ಬೇಗ ಕರಗುತ್ತದೆ, ಅದೇ ಮಣ್ಣಲ್ಲಿ ಇನ್ನೊಂದು ಬಟ್ಟಲು ಮಾಡಬಹುದು.