ಕಾಣದ ಹೈಡ್ರೋಜನ್‌ಗೆ ಕಾರ್ಬನ್ ಮಾನಾಕ್ಸೈಡಿನ ಸಾಕ್ಷಿ

ನಡುಭಾಗ ಅಸಹಜವಾಗಿ ಬೆಳಗುವ ಕೆಲವು ಗ್ಯಾಲಕ್ಸಿಗಳ ಅಗಲವಾದ ರೋಹಿತ ರೇಖೆಗಳನ್ನು (ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಕಾಣುವ ಗೆರೆಗಳನ್ನು) ಖಗೋಳಶಾಸ್ತ್ರಜ್ಞ ಕಾರ್ಲ್ ಸೀಫರ್ಟ್ 1943ರಲ್ಲಿ ವಿವರಿಸಿದರು. ಎನ್‌ಜಿಸಿ 1068 ಅವುಗಳಲ್ಲೊಂದು. ಕಪ್ಪುಕುಳಿಯತ್ತ ಸುರುಳಿಯಾಗಿ ಇಳಿಯುವ ದ್ರವ್ಯವೇ ಆ ಬೆಳಕಿನ ಮೂಲವೆಂಬುದು ಮುಂದೆ ಮನವರಿಕೆಯಾದಾಗ, ಆ ದ್ರವ್ಯದ ದಾಸ್ತಾನು ಎಲ್ಲಿದೆ ಎಂಬ ಪ್ರಶ್ನೆ ಉಳಿಯಿತು. ತಣ್ಣನೆಯ ಹೈಡ್ರೋಜನ್ ಅಣುಗಳ ಮೋಡಗಳ ಮೇಲೆ ಅನುಮಾನವಿತ್ತಾದರೂ, ಎರಡು ಸಮಾನ ಪರಮಾಣುಗಳ ಆ ಅಣುವಿಗೆ ವಿದ್ಯುತ್ ದ್ವಿಧ್ರುವ, ಅಂದರೆ ಒಂದು ತುದಿ ಧನ ಇನ್ನೊಂದು ಋಣ ಎಂಬ ಭೇದ, ಇಲ್ಲದ ಕಾರಣ ಅಂಥ ಚಳಿಯಲ್ಲಿ ಅದು ರೇಡಿಯೋ ಅಲೆಗಳನ್ನು ಹೊಮ್ಮಿಸುವುದೇ ಇಲ್ಲ.

ದಾರಿ ತೋರಿದ್ದು ಕಾರ್ಬನ್ ಮಾನಾಕ್ಸೈಡ್. 1970ರಲ್ಲಿ ವಿಲ್ಸನ್, ಜೆಫರ್ಟ್ಸ್ ಮತ್ತು ಪೆಂಜಿಯಾಸ್ ಅಮೆರಿಕದ ಕಿಟ್ ಪೀಕ್‌ನ 36 ಅಡಿ ರೇಡಿಯೋ ದೂರದರ್ಶಕದಿಂದ ಓರಿಯನ್ ನೀಹಾರಿಕೆಯಲ್ಲಿ ಅದರ 115 ಗಿಗಾಹರ್ಟ್ಸ್ ರೇಖೆಯನ್ನು ಹಿಡಿದರು. ಹೈಡ್ರೋಜನ್ ಅಣುಗಳು ತಾಗಿದಾಗಲೇ ಈ ಅಣು ಶಕ್ತಿ ಪಡೆದು ಚೋದನೆಗೊಳ್ಳುವುದರಿಂದ ಅದು ಮಿನುಗಿದಲ್ಲಿ ಹೈಡ್ರೋಜನ್ ಇದ್ದೇ ಇದೆ.

ಗ್ಯಾಲಕ್ಸಿಗಳಲ್ಲಿ ಇದೇ ಕೆಲಸ ತಾಳ್ಮೆಯನ್ನು ಪರೀಕ್ಷಿಸುವಂಥದ್ದು. ಅನಿಲ ಸೆಕೆಂಡಿಗೆ ನೂರಾರು ಕಿಲೋಮೀಟರ್ ವೇಗದಲ್ಲಿ ಸುತ್ತುವುದರಿಂದ ರೇಖೆ ಹಿಗ್ಗಿ ತೆಳುವಾಗುತ್ತದೆ. ಸೆಕೆಂಡಿಗೆ 500 ಕಿಲೋಮೀಟರ್ ಅಗಲದ ರೇಖೆ ಸುಮಾರು 190 ಮೆಗಾಹರ್ಟ್ಸ್‌ನಷ್ಟು ಹರಡಿಕೊಳ್ಳುತ್ತದೆ. ಗ್ಯಾಲಕ್ಸಿಯನ್ನೊಮ್ಮೆ, ಪಕ್ಕದ ಖಾಲಿ ಆಕಾಶವನ್ನೊಮ್ಮೆ ನೋಡಿ ಒಂದರಿಂದ ಇನ್ನೊಂದನ್ನು ಕಳೆಯುವುದನ್ನು ಗಂಟೆಗಟ್ಟಲೆ ಮಾಡಿದರೂ, ದೂರದರ್ಶಕದ ತಟ್ಟೆ ಮತ್ತು ಗ್ರಾಹಕದ ನಡುವೆ ಪುಟಿಯುವ ಅಲೆಗಳು ಚಪ್ಪಟೆಯಾಗಿರಬೇಕಾದ ಆಧಾರರೇಖೆಯಲ್ಲಿ ಏರಿಳಿತ ಮೂಡಿಸುತ್ತವೆ. ಅದು ಗ್ಯಾಲಕ್ಸಿಯ ರೇಖೆಯಂತೆಯೇ ಕಾಣಬಲ್ಲದು.

1970ರ ದಶಕದಲ್ಲಿ ಎಂ82ರಂಥ ಹತ್ತಿರದ ಗ್ಯಾಲಕ್ಸಿಗಳು ಸಿಕ್ಕಿದವು. 1991ರಲ್ಲಿ ಬ್ರೌನ್ ಮತ್ತು ವಾಂಡೆನ್ ಬೌಟ್ 2.3ರಷ್ಟು ಕೆಂಪುಪಲ್ಲಟದ (ಬೆಳಕಿನ ಅಲೆ ಹಿಗ್ಗುವಷ್ಟು ಬಹುದೂರದ) ಗ್ಯಾಲಕ್ಸಿ ಎಫ್10214+4724ರಲ್ಲಿ ಅದೇ ಅಣುವನ್ನು ಕಂಡಾಗ ಅನಿಲದ ಮೊತ್ತ ನಂಬಲಾಗದಷ್ಟಿತ್ತು. ನಡುದಾರಿಯ ಗುರುತ್ವ ಮಸೂರ, ಅಂದರೆ ತನ್ನ ಗುರುತ್ವದಿಂದ ಬೆಳಕನ್ನು ಬಾಗಿಸುವ ರಾಶಿ, ಬೆಳಕನ್ನು ಹಿಗ್ಗಿಸಿತ್ತೆಂದು ಆಮೇಲೆ ತಿಳಿಯಿತು. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ತೊಡಕು ಅಳತೆಗೋಲಿನದು. ರೇಖೆಯ ಪ್ರಕಾಶದಿಂದ ರಾಶಿಯನ್ನು ಲೆಕ್ಕಹಾಕಲು ಕ್ಷೀರಪಥಕ್ಕೆ ಬಳಸುವ ಗುಣಕ ಸುಮಾರು 4.3 ಆದರೆ, ಡೌನ್ಸ್ ಮತ್ತು ಸಾಲೊಮನ್ 1998ರಲ್ಲಿ ಅತಿ ಪ್ರಕಾಶದ, ದಟ್ಟ ಅನಿಲದ ಗ್ಯಾಲಕ್ಸಿಗಳಿಗೆ ಸೂಚಿಸಿದ್ದು ಸುಮಾರು 0.8. ಐದು ಪಟ್ಟಿನ ಈ ಅಂತರ ಎಷ್ಟೋ ತೀರ್ಮಾನಗಳನ್ನು ಅಲ್ಲಾಡಿಸಬಲ್ಲದು. 2010ರಲ್ಲಿ ಮಾರ್ಕೇರಿಯನ್ 231 ಎಂಬ ಗ್ಯಾಲಕ್ಸಿಯಿಂದ ವರ್ಷಕ್ಕೆ ಸುಮಾರು 700 ಸೌರರಾಶಿಯಷ್ಟು ಅನಿಲ ಹೊರಹೋಗುತ್ತಿದೆ ಎಂದಾಗಲೂ ಆ ಅಂಕಿ ನಿಂತದ್ದು ಇಂಥ ಗುಣಕದ ಮೇಲೆಯೇ.

ಚಿಲಿಯ ಸುಮಾರು 5000 ಮೀಟರ್ ಎತ್ತರದಲ್ಲಿ 66 ಆಂಟೆನಾಗಳನ್ನು ಒಂದಾಗಿಸುವ ರೇಡಿಯೋ ದೂರದರ್ಶಕ ಆಲ್ಮಾ ಮತ್ತೆ ಎನ್‌ಜಿಸಿ 1068ರತ್ತ ತಿರುಗಿತು. ಕೆಲವೇ ಹತ್ತು ಜ್ಯೋತಿರ್ವರ್ಷಗಳ ಅನಿಲ ಬಳೆಯೊಂದು 2016ರಲ್ಲಿ ಬಿಡಿಯಾಗಿ ಕಂಡಿತು. 2019ರಲ್ಲಿ, ಒಳಗಿನ ಅನಿಲ ಹೊರಗಿನದಕ್ಕೆ ವಿರುದ್ಧ ದಿಕ್ಕಿನಲ್ಲಿ ಸುತ್ತುತ್ತಿರುವ ಕುರುಹು ಸಿಕ್ಕಿತು. ಎದುರುಬದುರಾಗಿ ತಿರುಗುವ ಅನಿಲ ತಾಗಿದಾಗ ಎರಡರ ಸುತ್ತುಬಲವೂ ಕುಂದಿ, ದಾಸ್ತಾನು ಕಪ್ಪುಕುಳಿಯತ್ತ ಜಾರಬಲ್ಲದು.